ರೇಡಾರ್‌ಗೆ ಕಾಣದ ಕೆಳಗಿನ ಒಂದು ಕಿಲೋಮೀಟರ್: ಅಮೆರಿಕದಲ್ಲಿ ಬಿರುಗಾಳಿ ಕಾಯುವವರಿಗೆ ಏನು ಕಲಿಸುತ್ತಾರೆ?

ಜುಲೈ ತಿಂಗಳ ಒಂದು ಸಂಜೆ. ಷಿಕಾಗೊದ ಪಶ್ಚಿಮಕ್ಕಿರುವ ನಮ್ಮ ಮನೆ. ದಾವಣಗೆರೆಯಿಂದ ಬಂದಿದ್ದ ಅಮ್ಮ ಹಿತ್ತಲಿನ ಡೆಕ್ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ಒಳಗೆ ತರುತ್ತಿದ್ದಳು. ಪಶ್ಚಿಮದ ಆಕಾಶ ಕಾಡಿಗೆ ಬಳಿದ ಹಾಗಾಗಿತ್ತು. ಅಷ್ಟರಲ್ಲಿ ಊರಿನ ಸೈರನ್ ಕೂಗಿತು. ಅಮ್ಮ ತಟ್ಟೆ ಹಿಡಿದುಕೊಂಡೇ ನಿಂತಳು. "ಇಲ್ಲೂ ಕಾಟನ್ ಮಿಲ್ ಐತೇನೋ?" ಅಂದಳು.

ಇಲಿನಾಯ್‌ನ ಹೆಚ್ಚಿನ ಊರುಗಳಲ್ಲಿ ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ 10ಕ್ಕೆ ಈ ಸೈರನ್ ಕೂಗುತ್ತದೆ. ಅದು ಸುಮ್ನೆ ಪರೀಕ್ಷೆ. ಅವತ್ತು ಗುರುವಾರ, ಸಂಜೆ ಬೇರೆ. ಎಲ್ಲರೂ ಬೇಸ್‌ಮೆಂಟಿಗೆ ಇಳಿದೆವು. ಅಲ್ಲಿ ವಾಷಿಂಗ್ ಮಷಿನ್ ಪಕ್ಕ ಕೂತು ಅಮ್ಮ ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ: "ಗಾಳಿ ಬರ್ತೈತೆ ಅಂತ ಮಷಿನ್ ಹೇಳುತ್ತೋ, ಯಾರಾದ್ರೂ ನೋಡಿ ಹೇಳ್ತಾರೋ?"

ಎರಡೂ. ಈ ಎರಡನೆಯವರ ಬಗ್ಗೆ, ಅಂದರೆ ನೋಡಿ ಹೇಳುವವರ ಬಗ್ಗೆ, ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಇವರನ್ನು ಸ್ಪಾಟರ್‌ಗಳು ಅನ್ನುತ್ತಾರೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಅಮೆರಿಕದ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್ ನಡೆಸುವ 'ಸ್ಕೈವಾರ್ನ್' ಅನ್ನುವ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಇಂಥವರು ಸುಮಾರು ಮೂರೂವರೆಯಿಂದ ನಾಲ್ಕು ಲಕ್ಷ ಜನ ಇದ್ದಾರೆ. ಅಂಚೆಯವರು, ರೈತರು, ಶಾಲೆ ಮೇಷ್ಟ್ರು, ನಿವೃತ್ತರು, ನನ್ನಂಥ ಸಾಫ್ಟ್‌ವೇರ್‌ನವರು. ಆ ಸಂಜೆ ಆದಮೇಲೆ ನಾನೂ ಹೋಗಿ ಒಂದು ತರಗತಿಯಲ್ಲಿ ಕೂತೆ.

ಎಲ್ಲ ಗುಡುಗು ಮಳೆಯೂ 'ಸಿವಿಯರ್' ಅಲ್ಲ

ಇಲ್ಲಿನ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ಊರಲ್ಲಿ ಜಿಟಿಜಿಟಿ ಮುಂಗಾರು ಹಿಡಿದಿರುವಾಗ ಇಲ್ಲಿ ಗುಡುಗಿನ ಕಾಲ. ಗುಡುಗಿದ್ದಕ್ಕೆಲ್ಲ ಇವರು ಎಚ್ಚರಿಕೆ ಕೊಡುವುದಿಲ್ಲ. 'ಸಿವಿಯರ್' ಅನ್ನಿಸಿಕೊಳ್ಳಲು ಲೆಕ್ಕವಿದೆ. ಗಾಳಿ ಗಂಟೆಗೆ 58 ಮೈಲಿ, ಅಂದರೆ ಸುಮಾರು 93 ಕಿಲೋಮೀಟರ್ ಮುಟ್ಟಬೇಕು. ಇಲ್ಲವೇ ಒಂದು ಇಂಚಿನ ಆಲಿಕಲ್ಲು ಬೀಳಬೇಕು. ನಮ್ಮ 10 ರೂಪಾಯಿ ನಾಣ್ಯಕ್ಕಿಂತ ಚೂರು ಚಿಕ್ಕದು ಅಂದುಕೊಳ್ಳಿ. 2010ಕ್ಕೆ ಮುಂಚೆ ಮುಕ್ಕಾಲು ಇಂಚೇ ಸಾಕಿತ್ತು, ಆಮೇಲೆ ದೇಶವಿಡೀ ಒಂದು ಇಂಚು ಮಾಡಿದರು. ಟೊರ್ನಾಡೊ, ಅಂದರೆ ಮೋಡದಿಂದ ನೆಲಕ್ಕಿಳಿಯುವ ಸುಂಟರಗಾಳಿ, ಬಂದರಂತೂ ಬೇರೆ ಮಾತೇ ಇಲ್ಲ. ಮಿಂಚು ಎಷ್ಟೇ ಹೊಡೆದರೂ, ಮಳೆ ಎಷ್ಟೇ ಸುರಿದರೂ ಅದೊಂದರಿಂದಲೇ 'ಸಿವಿಯರ್' ಆಗುವುದಿಲ್ಲ. ನನಗೆ ಇದು ವಿಚಿತ್ರ ಅನ್ನಿಸಿತ್ತು.

ಇನ್ನೊಂದು ಗೊಂದಲ, ಫೋನಿಗೆ ಬರುವ 'ವಾಚ್' ಮತ್ತು 'ವಾರ್ನಿಂಗ್'. ಹೊಸದಾಗಿ ಬಂದವರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ವಾಚ್ ಅಂದರೆ ಸಂತೆಯಲ್ಲಿ ಗೂಳಿ ಹಗ್ಗ ಬಿಚ್ಚಿಕೊಂಡಿದೆ, ಯಾವ ಬೀದಿಗೆ ಬರುತ್ತೋ ಗೊತ್ತಿಲ್ಲ, ಹುಷಾರು. ವಾರ್ನಿಂಗ್ ಅಂದರೆ ಗೂಳಿ ನಿಮ್ಮ ಬೀದಿಗೇ ನುಗ್ಗಿದೆ. ಓಕ್ಲಹೋಮದ ನಾರ್ಮನ್ ಊರಿನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ವಾಚ್ ಹೊರಡಿಸುತ್ತದೆ, ಹಲವಾರು ಜಿಲ್ಲೆಗಳಿಗೆ ಸೇರಿಸಿ, ಕೆಲವು ಗಂಟೆಗಳ ಮಟ್ಟಿಗೆ. ವಾರ್ನಿಂಗ್ ಕೊಡುವುದು ಸ್ಥಳೀಯ ಕಚೇರಿ. ದೇಶದಲ್ಲಿ ಇಂಥ 122 ಕಚೇರಿಗಳಿವೆ, ಷಿಕಾಗೊದ್ದು ರೋಮಿಯೊವಿಲ್ ಅನ್ನುವ ಊರಿನಲ್ಲಿದೆ. ಸ್ಪಾಟರ್ ಮಾತಾಡುವುದು ಈ ಸ್ಥಳೀಯ ಕಚೇರಿಯ ಜೊತೆ.

ಹಾಲು ಉಕ್ಕಿ ಒಲೆ ಆರಿದರೆ ಬಚಾವು

ಗುಡುಗುಮೋಡ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಲೆ ಮೇಲೆ ಹಾಲಿಟ್ಟಿದ್ದೀರಿ. ಕೆಳಗಿನ ಬಿಸಿಗೆ ಹಾಲು ಮೇಲೇರುತ್ತದೆ. ನೆಲದ ಹತ್ತಿರದ ಬಿಸಿಯಾದ, ಪಸೆ ತುಂಬಿದ ಗಾಳಿಯೂ ಹೀಗೇ ಮೇಲೇರಿ ಮೋಡವಾಗುತ್ತದೆ. ಸಾಮಾನ್ಯ ಗುಡುಗು ಮಳೆಯಲ್ಲಿ ಮುಂದೇನಾಗುತ್ತದೆ ಅಂದರೆ, ಮೇಲೆ ಕಟ್ಟಿದ ಮಳೆ ನೇರವಾಗಿ ಕೆಳಕ್ಕೆ ಬಿದ್ದು, ಮೇಲೇಳುತ್ತಿದ್ದ ಬಿಸಿಗಾಳಿಯನ್ನೇ ತಣ್ಣಗೆ ಮಾಡಿಬಿಡುತ್ತದೆ. ಹಾಲು ಉಕ್ಕಿ ತನ್ನ ಒಲೆಯನ್ನು ತಾನೇ ಆರಿಸಿದ ಹಾಗೆ. ಅರ್ಧ-ಮುಕ್ಕಾಲು ಗಂಟೆಯಲ್ಲಿ ಆಟ ಮುಗಿಯಿತು.

ಈಗ ಪಾತ್ರೆಯನ್ನು ಸ್ವಲ್ಪ ವಾಲಿಸಿ ಇಡಿ. ಹಾಲು ಒಲೆಯ ಪಕ್ಕಕ್ಕೆ ಚೆಲ್ಲುತ್ತದೆ, ಬೆಂಕಿ ಉರಿಯುತ್ತಲೇ ಇರುತ್ತದೆ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿನಿಂದ ಮೆಲ್ಲಗೆ ಬೀಸುತ್ತಿದ್ದು, ಮೇಲೆ ಬೇರೆ ದಿಕ್ಕಿನಿಂದ ಜೋರಾಗಿ ಬೀಸುತ್ತಿದ್ದರೆ ಮೋಡ ಹೀಗೇ ವಾಲುತ್ತದೆ. ಮಳೆ ಒಂದು ಕಡೆ ಬೀಳುತ್ತದೆ, ಬಿಸಿಗಾಳಿ ಇನ್ನೊಂದು ಕಡೆಯಿಂದ ಏರುತ್ತಲೇ ಇರುತ್ತದೆ. ಇಂಥ ಮೋಡ ಗಂಟೆಗಟ್ಟಲೆ ಬದುಕುತ್ತದೆ. ಮೇಲಿನ ಗಾಳಿಯ ವೇಗವೂ ಕೆಳಗಿನ ಗಾಳಿಯ ವೇಗವೂ ಬೇರೆಯಾದಾಗ ನಡುವಿನ ಗಾಳಿ ಚಪಾತಿ ಲಟ್ಟಣಿಗೆಯ ಹಾಗೆ ಮಲಗಿಕೊಂಡೇ ಉರುಳುತ್ತದೆ. ಮೇಲೇಳುವ ಗಾಳಿ ಆ ಲಟ್ಟಣಿಗೆಯನ್ನು ಎತ್ತಿ ನಿಲ್ಲಿಸಿದರೆ ಇಡೀ ಮೋಡವೇ ತಿರುಗತೊಡಗುತ್ತದೆ. ಇದೇ ಸೂಪರ್‌ಸೆಲ್. ದೊಡ್ಡ ಟೊರ್ನಾಡೊಗಳು ಹೆಚ್ಚಾಗಿ ಇದರ ಬುಡದಿಂದ ಹುಟ್ಟುತ್ತವೆ.

ಆಲಿಕಲ್ಲಿಗೆ ಕುಸುರೆಳ್ಳಿನ ಲೆಕ್ಕ. ಸಂಕ್ರಾಂತಿಗೆ ಎಳ್ಳನ್ನು ಬಿಸಿ ತಟ್ಟೆಯಲ್ಲಿ ಆಡಿಸುತ್ತಾ ಚಮಚ ಚಮಚ ಪಾಕ ಬಿಡುತ್ತೀವಲ್ಲ, ಪದರದ ಮೇಲೆ ಪದರ ಕೂರುತ್ತದೆ. ಮೋಡದೊಳಗೆ ಮಂಜಿನ ಹರಳಿಗೂ ಹಾಗೇ ನೀರಿನ ಪದರ ಕೂತು ಹೆಪ್ಪುಗಟ್ಟುತ್ತದೆ. ಮೇಲೇಳುವ ಗಾಳಿ ಎಷ್ಟು ಹೊತ್ತು ಅದನ್ನು ಹೊತ್ತು ನಿಲ್ಲುತ್ತದೋ ಅಷ್ಟು ದಪ್ಪ. ಗಾಲ್ಫ್ ಚೆಂಡಿನಷ್ಟು ಕಲ್ಲನ್ನು ಬೀಳದಂತೆ ಹಿಡಿಯಲು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಗಾಳಿ ಮೇಲಕ್ಕೆ ಬೀಸುತ್ತಿರಬೇಕು!

ಇನ್ನು ಬೇಸಿಗೆಯ ನಿಜವಾದ ಕಾಟ ಟೊರ್ನಾಡೊಗಿಂತ ನೇರ ಗಾಳಿಯದ್ದೇ ಜಾಸ್ತಿ. ಒಂದು ಕೊಡ ನೀರನ್ನು ಅಂಗಳಕ್ಕೆ ದಬಕ್ಕನೆ ಸುರಿದರೆ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಅಲ್ವಾ? ಮಳೆಯಿಂದ ತಣ್ಣಗಾದ ಭಾರದ ಗಾಳಿಯೂ ಹೀಗೇ ಬೀಳುತ್ತದೆ. ಇಂಥ ಮೋಡಗಳು ಸಾಲುಗಟ್ಟಿ ನೂರಾರು ಕಿಲೋಮೀಟರ್ ಒಂದೇ ದಿಕ್ಕಿಗೆ ನುಗ್ಗಿದರೆ ಅದು 'ಡೆರೇಚೊ'. ಸ್ಪ್ಯಾನಿಷ್‌ನಲ್ಲಿ ನೆಟ್ಟಗೆ ಅಂತ ಅರ್ಥ. ಅಯೋವಾದ ಪ್ರೊಫೆಸರ್ ಗುಸ್ಟಾವಸ್ ಹಿನ್‌ರಿಕ್ಸ್ 1888ರಲ್ಲಿ ಈ ಹೆಸರಿಟ್ಟರು. ಅದೇ ಅಯೋವಾಕ್ಕೆ 2020ರ ಆಗಸ್ಟ್ 10ರಂದು ಬಡಿದ ಡೆರೇಚೊ ಸೌತ್ ಡಕೋಟಾದ ಅಂಚಿನಿಂದ ಒಹಾಯೊವರೆಗೆ ಸುಮಾರು 770 ಮೈಲಿಯನ್ನು 14 ಗಂಟೆಯಲ್ಲಿ ದಾಟಿತು. ಸೀಡರ್ ರ್‍ಯಾಪಿಡ್ಸ್ ಹತ್ತಿರ ಗಾಳಿ ಗಂಟೆಗೆ 140 ಮೈಲಿ ಮುಟ್ಟಿತ್ತು ಅಂತ ಅಂದಾಜು. ಮೆಕ್ಕೆಜೋಳದ ಹೊಲಗಳು ಚಾಪೆ ಹಾಸಿದ ಹಾಗೆ ಮಲಗಿದವು. ಅದೇ ದಿನ ಷಿಕಾಗೊ ನಗರದ ರಾಜರ್ಸ್ ಪಾರ್ಕ್‌ನಲ್ಲಿ ಒಂದು ಟೊರ್ನಾಡೊ ಕೂಡ ಇಳಿಯಿತು. ದೊಡ್ಡ ನಗರಕ್ಕೆ ಟೊರ್ನಾಡೊ ಬರುವುದಿಲ್ಲ ಅಂತ ನಮ್ಮವರು ಧೈರ್ಯವಾಗಿ ಹೇಳುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಇಷ್ಟೊಂದು ರೇಡಾರ್ ಇದ್ದಮೇಲೆ ಮನುಷ್ಯ ಯಾಕೆ ಬೇಕು?

ದೀಪದ ಬುಡದಲ್ಲಿ ಕತ್ತಲು ಅನ್ನುತ್ತೀವಿ. ರೇಡಾರ್‌ಗೆ ಇದು ತಿರುಗಾಮುರುಗಾ. ದೂರ ಹೋದಷ್ಟೂ ಬುಡ ಕತ್ತಲು. ಕಾರಣ ಸರಳ. ರೇಡಾರ್ ಕಿರಣವನ್ನು ನೆಲಕ್ಕೆ ತಾಗದ ಹಾಗೆ ತುಸು ಮೇಲ್ಮುಖವಾಗಿ ಬಿಡುತ್ತಾರೆ, ಸಾಮಾನ್ಯವಾಗಿ ಅರ್ಧ ಡಿಗ್ರಿ. ಮೇಲಾಗಿ ಭೂಮಿ ದುಂಡಗಿದೆ, ಕಿರಣ ಮುಂದೆ ಹೋದ ಹಾಗೆ ನೆಲ ಅದರ ಕೆಳಗಿನಿಂದ ಜಾರಿಕೊಳ್ಳುತ್ತದೆ. 100 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಕಿರಣದ ನಡು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. 200 ಕಿಲೋಮೀಟರ್ ಆದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಅಷ್ಟು ದೂರದಲ್ಲಿ ಕಿರಣ ಅಗಲವೂ ಆಗಿರುತ್ತದೆ, ಸಣ್ಣ ವಿವರ ಕಲಸಿಹೋಗುತ್ತದೆ.

ಮೋಡದ ಹೊಟ್ಟೆ ತಿರುಗುತ್ತಿದೆ ಅನ್ನುವುದು ಪರದೆಯ ಮೇಲೆ ಕಾಣುತ್ತದೆ. ಆದರೆ ಜನ ಇರುವುದು ಹೊಟ್ಟೆಯಲ್ಲಲ್ಲ, ಬುಡದಲ್ಲಿ. ಮೇಲೆ ತಿರುಗಿದ್ದೆಲ್ಲ ಕೆಳಗೆ ಟೊರ್ನಾಡೊ ಆಗುವುದೂ ಇಲ್ಲ. ಬಿದ್ದಿದ್ದು ಆಲಿಕಲ್ಲೋ ಜೋರು ಮಳೆಯೋ, ಮರ ಉರುಳಿದೆಯೋ ಇಲ್ಲವೋ, ಇದನ್ನು ನೆಲದ ಮೇಲೆ ನಿಂತವರೇ ಹೇಳಬೇಕು. ಕಚೇರಿಯಲ್ಲಿ ಕೂತವರು ವಾರ್ನಿಂಗ್ ಕೊಡಲೋ ಬೇಡವೋ ಅಂತ ತೂಗುತ್ತಿರುವಾಗ ಒಬ್ಬ ಸ್ಪಾಟರ್‌ನ ಒಂದು ಸಾಲಿನ ವರದಿ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತದೆ.

ಈ ಪದ್ಧತಿ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಕಾರ್ಖಾನೆಗಳ ಸುತ್ತ ಸಿಡಿಲು, ಬಿರುಗಾಳಿ ನೋಡಿ ತಿಳಿಸಲು ಜನರನ್ನು ನಿಲ್ಲಿಸಿದ್ದರು. 1965ರ ಏಪ್ರಿಲ್ 11ರ ಭಾನುವಾರ ಮಿಡ್‌ವೆಸ್ಟ್ ರಾಜ್ಯಗಳಲ್ಲಿ ಒಂದೇ ದಿನ ಹತ್ತಾರು ಟೊರ್ನಾಡೊಗಳು ಬಂದು 250ಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಎಲ್ಲಿ ಸೋತಿತು ಅಂತ ಹುಡುಕಿದಾಗ ಸಿಕ್ಕ ಪಾಠಗಳಿಂದ ಬೆಳೆದದ್ದು ಸ್ಕೈವಾರ್ನ್.

ಎರಡು ಗಂಟೆಯ ಪಾಠ

ತರಗತಿ ಉಚಿತ. ಮುಂಗಡ ಓದು ಬೇಡ. ಬಿರುಗಾಳಿ ಕಾಲಕ್ಕೆ ಮುಂಚೆ ಲೈಬ್ರರಿ, ಫೈರ್ ಸ್ಟೇಷನ್, ಕಾಲೇಜುಗಳಲ್ಲಿ ನಡೆಯುತ್ತದೆ, ಆನ್‌ಲೈನ್‌ನಲ್ಲೂ ಇದೆ. ಸುಮಾರು ಎರಡು ಗಂಟೆ. ನಾನು ಹೋದ ಕಡೆ ಮುಕ್ಕಾಲು ಪಾಲು ಸಮಯ ಹೋಗಿದ್ದು ಫೋಟೋ ತೋರಿಸಿ "ಇದೇನು ಹೇಳಿ" ಅನ್ನುವುದರಲ್ಲೇ. ನಾವು ಎಲ್ಲದಕ್ಕೂ "ಟೊರ್ನಾಡೊ" ಅಂದೆವು. ಎಲ್ಲವೂ ತಪ್ಪು.

ಅಸಲಿ ತರಬೇತಿ ಇರುವುದೇ ಇಲ್ಲಿ, ಹೆದರಿಸುವ ಮೋಡಕ್ಕೂ ಅಪಾಯದ ಮೋಡಕ್ಕೂ ವ್ಯತ್ಯಾಸ ಹಿಡಿಯುವುದರಲ್ಲಿ. ಮಳೆಗೆ ಮುಂಚೆ ಆಕಾಶದ ಉದ್ದಕ್ಕೂ ಕಟ್ಟಿದ ಕಪ್ಪು ಅಟ್ಟದ ಹಾಗೆ ಬರುತ್ತದಲ್ಲ, ಅದು ಶೆಲ್ಫ್ ಕ್ಲೌಡ್. ನೋಡಿದರೆ ಎದೆ ಧಸಕ್ ಅನ್ನುತ್ತದೆ. ಅದು ಬಂದರೆ ಜೋರು ಗಾಳಿ ಬರುತ್ತದೆ, ನಿಜ, ಆದರೆ ಟೊರ್ನಾಡೊ ಹುಟ್ಟುವ ಜಾಗ ಸಾಮಾನ್ಯವಾಗಿ ಅದಲ್ಲ. ವಾಲ್ ಕ್ಲೌಡ್ ಅನ್ನುವುದು ಬೇರೆ. ಮಳೆ ಬೀಳದ, ಸಪಾಟಾದ ಮೋಡದ ಬುಡದಿಂದ ಒಂದು ತುಂಡು ಮಾತ್ರ ಕೆಳಗೆ ಇಳಿಬಿದ್ದಿರುತ್ತದೆ, ಹಸುವಿನ ಕೆಚ್ಚಲಿನ ಹಾಗೆ. ಗುರುತು ಹಿಡಿಯಲು ಒಂದು ಸುಲಭದ ಉಪಾಯ ಹೇಳಿಕೊಟ್ಟರು. ಶೆಲ್ಫ್ ಕ್ಲೌಡ್ ಮಳೆಯಿಂದ ಆಚೆಗೆ ಇಳಿಜಾರಾಗಿರುತ್ತದೆ, ವಾಲ್ ಕ್ಲೌಡ್ ಮಳೆಯ ಕಡೆಗೆ ಇಳಿಜಾರಾಗಿರುತ್ತದೆ. ವಾಲ್ ಕ್ಲೌಡ್ ಕಂಡರೆ ಕಣ್ಣು ಕೀಳಬೇಡಿ. ಬಿಡದೆ ಒಂದೆರಡು ನಿಮಿಷ ನೋಡಿ. ಒಂದೇ ಅಚ್ಚಿನ ಸುತ್ತ, ಮೊಸರು ಕಡೆಯುವ ಹಾಗೆ ತಿರುಗುತ್ತಿದೆಯಾ? ಆಗ ಫೋನ್ ಎತ್ತಿ.

ಮೋಡದಿಂದ ಸೊಂಡಿಲು ಇಳಿದು ನೆಲ ಮುಟ್ಟದಿದ್ದರೆ ಅದು ಫನಲ್ ಕ್ಲೌಡ್. ನೆಲ ಮುಟ್ಟಿದರೆ ಟೊರ್ನಾಡೊ. ಆದರೆ ಸೊಂಡಿಲು ಅರ್ಧಕ್ಕೇ ನಿಂತಂತೆ ಕಂಡರೂ ಅದರ ಕೆಳಗೆ ನೆಲದಲ್ಲಿ ಧೂಳು, ಕಸಕಡ್ಡಿ ಸುತ್ತುತ್ತಿದ್ದರೆ ಅದೂ ಟೊರ್ನಾಡೊನೇ. ಅದಕ್ಕೇ ಮೊದಲು ಬುಡ ನೋಡಿ ಅನ್ನುತ್ತಾರೆ.

ಮತ್ತೆ ಸ್ಕಡ್. ನೆಲದ ಹತ್ತಿರ ಹರಿದ ಬಟ್ಟೆಯ ಹಾಗೆ ತೇಲುವ ಮೋಡದ ಚೂರು. ತರಗತಿಯಾದ ಕೆಲವೇ ತಿಂಗಳಿಗೆ ಒಂದು ಮಧ್ಯಾಹ್ನ, ಕಿರಾಣಿ ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಂತಾಗ ನನಗೆ ಕಂಡದ್ದು ಪಕ್ಕಾ ಸೊಂಡಿಲು. ಚೂಪಾಗಿತ್ತು, ಕಪ್ಪಗಿತ್ತು, ನೇತಾಡುತ್ತಿತ್ತು. ನಂಬರ್ ಒತ್ತಿದ್ದೆ, ಕಾಲ್ ಬಟನ್ ಒಂದು ಬಾಕಿ. ಆಗ ಮೇಷ್ಟ್ರು ಹೇಳಿದ್ದು ನೆನಪಾಗಿ ಒಂದು ನಿಮಿಷ ಗಡಿಯಾರ ನೋಡಿಕೊಂಡು ನಿಂತೆ. ತಿರುಗಲಿಲ್ಲ. ನಲವತ್ತು ಸೆಕೆಂಡಿಗೆ ಸೊಂಡಿಲಿನ ತುದಿ ಮುರಿಯಿತು, ಇನ್ನರ್ಧ ನಿಮಿಷಕ್ಕೆ ಅಗರಬತ್ತಿ ಹೊಗೆಯ ಹಾಗೆ ಕರಗಿತು. ಸ್ಪಾಟರ್ ಆಗಿ ನಾನು ಮಾಡಿದ ಮೊದಲ ಕೆಲಸ ಅಂದರೆ ಫೋನ್ ಮಾಡದೆ ಇದ್ದದ್ದು.

ಅಂದಾಜಿಗೂ ಒಂದು ಅಳತೆ

ಗಾಳಿಯ ವಿಷಯದಲ್ಲಿ ಎಲ್ಲರೂ ಉತ್ಪ್ರೇಕ್ಷೆ ಮಾಡುತ್ತಾರೆ. ಬೇಕಂತಲ್ಲ, ಮೈಗೆ ಹಾಗನ್ನಿಸುತ್ತದೆ. ಅದಕ್ಕೆ ಮರ ನೋಡಿ ಅನ್ನುತ್ತಾರೆ. ಇಡೀ ಮರ ತೂಗುತ್ತಿದ್ದರೆ ಗಂಟೆಗೆ 32ರಿಂದ 38 ಮೈಲಿ. ಸಣ್ಣ ರೆಂಬೆ ಮುರಿದು, ಎದುರುಗಾಳಿಗೆ ನಡೆಯುವುದೇ ಕಷ್ಟವಾದರೆ 39ರಿಂದ 54. ಬೇರು ಮೇಲ್ಮೇಲೆ ಇರುವ ಮರಗಳು ಉರುಳುತ್ತಿದ್ದರೆ 55 ದಾಟಿದೆ. ರೆಂಬೆ ಮುರಿದಿದೆ ಅಂದರೆ ಸಾಲದು, ಎಷ್ಟು ದಪ್ಪದ್ದು, ಹಸಿಯೋ ಒಣಗಿದ್ದೋ ಅಂತಲೂ ಹೇಳಬೇಕು. ಒಣ ರೆಂಬೆ ಕಾಗೆ ಕೂತರೂ ಮುರಿಯುತ್ತದೆ!

ಆಲಿಕಲ್ಲಿಗೆ ಇಲ್ಲಿನವರು ನಾಣ್ಯ, ಚೆಂಡಿನ ಲೆಕ್ಕ ಹೇಳುತ್ತಾರೆ. 25 ಸೆಂಟಿನ ಕ್ವಾರ್ಟರ್ ಅಂದರೆ ಒಂದು ಇಂಚು, ಗಾಲ್ಫ್ ಚೆಂಡು ಒಂದೂಮುಕ್ಕಾಲು ಇಂಚು, ಅಂದರೆ 1.75, ಬೇಸ್‌ಬಾಲ್ 2.75. ಗೋಲಿ ಗಾತ್ರ ಅಂತ ಮಾತ್ರ ಹೇಳಬೇಡಿ ಅನ್ನುತ್ತಾರೆ, ಗೋಲಿಗಳು ನಾನಾ ಗಾತ್ರದಲ್ಲಿ ಬರುತ್ತವಲ್ಲ. ನಮ್ಮ ನೆಲ್ಲಿಕಾಯಿ, ನಿಂಬೆಹಣ್ಣಿನ ಲೆಕ್ಕಕ್ಕೂ ಅದೇ ತಕರಾರು. ಸ್ಕೇಲ್ ಇದ್ದರೆ ಅದೇ ಉತ್ತಮ. ಕಲ್ಲು ಬೀಳುವಾಗ ಆರಿಸಲು ಓಡಬೇಡಿ, ನಿಂತಮೇಲೆ ಅತಿ ದೊಡ್ಡದನ್ನು ಅಳೆಯಿರಿ.

ಫೋನ್‌ನಲ್ಲಿ ಹೇಳುವುದು ಇಷ್ಟೇ

ಯಾವಾಗ ನೋಡಿದೆ, ಏನು ನೋಡಿದೆ, ಎಲ್ಲಿ ನೋಡಿದೆ. ಜೊತೆಗೆ ತಾನು ತರಬೇತಿ ಪಡೆದ ಸ್ಪಾಟರ್ ಅಂತ. ಎಡವುವುದು 'ಎಲ್ಲಿ'ಯಲ್ಲಿ. ನೀವು ನಿಂತಿರುವ ಜಾಗವೇ ಬೇರೆ, ಮೋಡ ಇರುವ ಜಾಗವೇ ಬೇರೆ. "ನಾನು ಇಂಥ ಎರಡು ರಸ್ತೆ ಸೇರುವಲ್ಲಿದ್ದೇನೆ, ಅದು ನನ್ನ ವಾಯವ್ಯಕ್ಕೆ ಸುಮಾರು ಐದು ಮೈಲಿ" ಅಂತ ಹೇಳಬೇಕು. ಮಿಂಚು, ಕಪ್ಪು ಮೋಡ, ಮಾಮೂಲಿ ಮಳೆ, ಇವುಗಳ ವರದಿ ಬೇಡ. ಟಿವಿಯಲ್ಲಿ ನೋಡಿದ್ದು, ಪಕ್ಕದ ಮನೆಯವರು ಹೇಳಿದ್ದು, ಇವನ್ನು ತನ್ನದೇ ನೋಟದ ಹಾಗೆ ಹೇಳುವಂತಿಲ್ಲ. ವರದಿ ಫೋನ್‌ನಲ್ಲಿ, ಆನ್‌ಲೈನ್‌ನಲ್ಲಿ ಕೊಡಬಹುದು. ಹ್ಯಾಮ್ ರೇಡಿಯೋದವರಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರಿಗೆ, ತಮ್ಮದೇ ಜಾಲವಿದೆ, ಮೊಬೈಲ್ ಟವರ್ ಉರುಳಿದರೂ ಅದು ಮಾತಾಡುತ್ತದೆ.

ಸ್ಪಾಟರ್ ಬೇರೆ, ಬೆನ್ನಟ್ಟುವವರು ಬೇರೆ

ಕಾರಿನಲ್ಲಿ ಟೊರ್ನಾಡೊ ಹಿಂದೆ ಓಡುವವರನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ. ಸ್ಪಾಟರ್ ಅಂದರೆ ಅದಲ್ಲ. ಬಹಳಷ್ಟು ಜನ ಮನೆಯಿಂದಲೋ ಆಫೀಸಿನಿಂದಲೋ ಕಂಡಷ್ಟನ್ನು ಹೇಳುತ್ತಾರೆ. ಬೆನ್ನಟ್ಟುವುದರಲ್ಲಿ ಪಳಗಿದವರಿಗೂ ಗ್ಯಾರಂಟಿ ಇಲ್ಲ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊದಲ್ಲಿ 2.6 ಮೈಲಿ ಅಗಲದ ಟೊರ್ನಾಡೊ ದಿಕ್ಕು ಬದಲಿಸಿದಾಗ ಹೆಸರಾಂತ ಸಂಶೋಧಕ ಟಿಮ್ ಸಮರಾಸ್ ತನ್ನ ಮಗ ಮತ್ತು ಜೊತೆಗಾರನೊಂದಿಗೆ ತೀರಿಕೊಂಡರು.

ತರಗತಿಯಲ್ಲಿ ಇದಕ್ಕೆ ನಿಯಮಗಳೇ ಇವೆ. ಒಬ್ಬರೇ ಹೋಗಬೇಡಿ. ತಪ್ಪಿಸಿಕೊಳ್ಳುವ ದಾರಿ ಮೊದಲೇ ನೋಡಿಟ್ಟುಕೊಳ್ಳಿ. ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ, ಒಳಗೆ ಹೋಗಿ. ಮಿಂಚು ಕಂಡಮೇಲೆ ಗುಡುಗು ಬರುವವರೆಗೆ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಕಾರು ಇಳಿಸಬೇಡಿ, ಒಂದಡಿ ನೀರು ಸಾಕು ಸಣ್ಣ ಕಾರನ್ನು ತೇಲಿಸಲು.

ಮಿಂಚಿನ ವರದಿ ಯಾಕೆ ಬೇಡ?

ಅದನ್ನು ಯಂತ್ರ ಚೆನ್ನಾಗಿ ನೋಡುತ್ತದೆ, ಅದಕ್ಕೆ. ಮಿಂಚಿನಿಂದ ಹೊರಡುವ ರೇಡಿಯೋ ಅಲೆಗಳನ್ನು ಸೆನ್ಸರ್‌ಗಳು ಹಿಡಿದು ಜಾಗವನ್ನು ಲೆಕ್ಕ ಹಾಕುತ್ತವೆ. ನಮ್ಮಲ್ಲೂ ಈ ಜಾಲವಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್, ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೆಲಸ ಮಾಡುವುದು ಇದರ ಮೇಲೆಯೇ. ಊರಲ್ಲಿ ಗುಡುಗಿನ ಕಾಲ ಏಪ್ರಿಲ್, ಮೇ. ಅಲ್ಲಿ ಟೊರ್ನಾಡೊ ಅಪರೂಪ, ಆದರೆ ಸಿಡಿಲು ಹಾಗಲ್ಲ. 2022ರಲ್ಲಿ ಭಾರತದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಈ ಸಂಖ್ಯೆ ಇಪ್ಪತ್ತರ ಆಸುಪಾಸು. ಇದನ್ನು ಹೇಳಿದಾಗ ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹೊಲದಾಗೆ ಇರೋರಿಗೆ ಎಲ್ಲಿ ಬೇಸ್‌ಮೆಂಟು" ಅಂದಳು.

ನನ್ನ ಮೊದಲ ವರದಿ

ಮರುವರ್ಷ ಅಮ್ಮ ಮತ್ತೆ ಬಂದಾಗ ಒಂದು ರಾತ್ರಿ ತಗಡಿನ ಮೇಲೆ ಅವರೆಕಾಯಿ ಸುರಿದಂಥ ಸದ್ದು. ಆರು ನಿಮಿಷ ಬಿತ್ತು. ನಿಂತಮೇಲೆ ಮಗಳ ಸ್ಕೂಲ್ ಸ್ಕೇಲ್ ಹಿಡಿದು ಹೊರಗೆ ಹೋದೆ. ದೊಡ್ಡದು ಒಂದೂಕಾಲು ಇಂಚು ಬಂತು. ಫೋನ್ ಮಾಡಿ ಸಮಯ, ಅಳತೆ, ಹತ್ತಿರದ ಎರಡು ರಸ್ತೆಗಳ ಹೆಸರು ಹೇಳಿದೆ. ಇಡೀ ಮಾತು ಒಂದು ನಿಮಿಷ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕಚೇರಿಯ ವರದಿಗಳ ಪಟ್ಟಿಯಲ್ಲಿ ಅದೇ ಸಮಯ, ಅದೇ ಅಳತೆಯ ಒಂದು ಸಾಲು ಬಂತು. ಹೆಸರಿಲ್ಲ, 'ತರಬೇತಿ ಪಡೆದ ಸ್ಪಾಟರ್' ಅಂತ ಅಷ್ಟೇ.

ಕಲ್ಲನ್ನು ಏನು ಮಾಡುವುದು? ಫ್ರೀಜರ್‌ನಲ್ಲಿಡಿ ಅಂತಲೇ ತರಗತಿಯಲ್ಲಿ ಹೇಳಿದ್ದರು. ಸೌತ್ ಡಕೋಟಾದ ವಿವಿಯನ್‌ನಲ್ಲಿ 2010ರ ಜುಲೈ 23ರಂದು ಬಿದ್ದ, 8 ಇಂಚು ಅಗಲದ, 880 ಗ್ರಾಂ ತೂಕದ ಅಮೆರಿಕದ ದಾಖಲೆ ಆಲಿಕಲ್ಲನ್ನೂ ಸಿಕ್ಕವರು ಫ್ರೀಜರ್‌ನಲ್ಲೇ ಇಟ್ಟಿದ್ದರು. ಕರೆಂಟ್ ಹೋಗಿದ್ದಕ್ಕೆ ಅಳೆಯುವಷ್ಟರಲ್ಲಿ ಒಂದಿಷ್ಟು ಕರಗಿತ್ತಂತೆ. ನಮ್ಮದು ದಾಖಲೆಯೇನಲ್ಲ. ಆದರೂ ಜಿಪ್‌ಲಾಕ್ ಚೀಲದಲ್ಲಿ ಹಾಕಿ, ತೆಂಗಿನ ತುರಿಯ ಪಕ್ಕ ಇಟ್ಟೆ. ಮೂರನೇ ದಿನ ನೋಡಿದರೆ ಇರಲಿಲ್ಲ. ಜಾಗ ಬೇಕಿತ್ತು ಅಂತ ಅಮ್ಮ ಸಿಂಕಿಗೆ ಹಾಕಿದ್ದಳು.